ಸಾಲಿಗೆ ಐದು ನಿಮಿಷ

ಅಣ್ಣ ಹೋದ ಮೇಲೆ ಅವನ ಲ್ಯಾಪ್‌ಟಾಪು ತಂಗಿಗೆ ಬಂತು, ಫೋನು ಅಮ್ಮನಿಗೆ. ಯಾರೂ ಕೂತು ಹಂಚಿದ್ದಲ್ಲ. ಲ್ಯಾಪ್‌ಟಾಪು ಅವಳ ಮಂಚದ ಹತ್ತಿರ ಇತ್ತು, ಅಲ್ಲೇ ಉಳಿಯಿತು. ಫೋನನ್ನು ಅಮ್ಮ ಹೊಲಿಗೆ ಮೆಷಿನ್ನಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿಟ್ಟಳು. ಅದರಿಂದ ಯಾರಿಗೂ ಕರೆ ಮಾಡುವುದಿಲ್ಲ, ಅದಕ್ಕೆ ಯಾರೂ ಕರೆ ಮಾಡುವುದಿಲ್ಲ, ಆದರೂ ಚಾರ್ಜು ಇಳಿಯಲು ಬಿಡುವುದಿಲ್ಲ. ಅಪ್ಪ ಲಾರಿ ಓಡಿಸುವವರು, ಮನೆಗೆ ಬರುವುದು ನೆಂಟರ ಹಾಗೆ. ಬಂದಾಗ ಆ ಫೋನನ್ನು ಒಮ್ಮೆ ನೋಡುತ್ತಾರೆ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ.

ತಂಗಿಯನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಾರೆ. ಈಗ ಗುಬ್ಬಿಗೆ ಅಳುವೂ ಬರುವುದಿಲ್ಲ, ನಗುವೂ ಬರುವುದಿಲ್ಲ. ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಇನ್ಯಾರದೋ ಕಾಲು ಅನ್ನಿಸುತ್ತದಲ್ಲ, ಅವಳ ಮೈಯೆಲ್ಲ ಹಾಗೆ. ಹೊತ್ತಿಗೆ ಏಳುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಅಮ್ಮ ಬಿಚ್ಚಿಟ್ಟ ಬಟ್ಟೆಯಿಂದ ನೂಲಿನ ಚೂರು ಆರಿಸುತ್ತಾಳೆ. ಅಮ್ಮನದು ರಿಪೇರಿ ಹೊಲಿಗೆ. ಕಿತ್ತ ಜಿಪ್ಪು, ಉದ್ದವಾದ ತೋಳು, ಬಿಗಿಯಾದ ಸೊಂಟ.

ಒಂದು ಭಾನುವಾರ ಬೆಳಿಗ್ಗೆ ಕನ್ನಡಕ ಬಂದ. ಅಣ್ಣನ ಗೆಳೆಯ, ಮನೆಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಕನ್ನಡಕ ಅಂತ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಒಂದು ಪ್ಯಾಂಟು.

"ಕಾಲು ಸ್ವಲ್ಪ ಗಿಡ್ಡ ಮಾಡಬೇಕಿತ್ತು, ಅಮ್ಮ."

"ಹೋದ ತಿಂಗಳೂ ಇದೇ ಪ್ಯಾಂಟು ತಂದಿದ್ದೆ. ಹೀಗೆ ಕತ್ತರಿಸ್ತಾ ಹೋದರೆ ಚಡ್ಡಿ ಆಗುತ್ತೆ," ಅಂದಳು ಅಮ್ಮ. ತೆಗೆದುಕೊಂಡು ಬದಿಗಿಟ್ಟಳು.

ಕನ್ನಡಕ ಗುಬ್ಬಿಯ ಕಡೆ ತಿರುಗಿದ. "ನಮ್ಮಲ್ಲಿ ಟೆಸ್ಟಿಂಗಿಗೆ, ಪ್ರೋಗ್ರಾಮಿನ ತಪ್ಪು ಹುಡುಕೋಕೆ, ಹೊಸಬರನ್ನ ತಗೋತಿದ್ದಾರೆ. ನಾಳೆ ಸಂಜೆಯೊಳಗೆ ರೆಸ್ಯುಮೆ ಹೋಗಬೇಕು."

"ಆಮೇಲೆ ಯಾವಾಗಾದ್ರೂ ನೋಡೋಣ."

"ಆಮೇಲೆ ಇಲ್ಲ ಕಣೇ. ಪಾಸಾಗಿ ಎರಡು ವರ್ಷ ದಾಟಿದವರನ್ನ ಹೊಸಬರು ಅಂತ ಯಾರೂ ತಗೊಳ್ಳಲ್ಲ. ಮುಂದಿನ ತಿಂಗಳು ನಿನಗೆ ಎರಡು ತುಂಬುತ್ತೆ. ಇದು ತಪ್ಪಿದ್ರೆ ನೀನು ಹೊಸಬಳೂ ಅಲ್ಲ, ಹಳಬಳೂ ಅಲ್ಲ."

ಮೆಷಿನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. ಗುಬ್ಬಿ ಲ್ಯಾಪ್‌ಟಾಪು ತಂದಳು, ಕಾಲೇಜಿನಲ್ಲಿ ಬರೆದಿಟ್ಟ ತನ್ನ ರೆಸ್ಯುಮೆ ತೆರೆದಳು. ಎರಡು ಪುಟ, ಮೂಲೆಯಲ್ಲಿ ಫೋಟೋ. ಶ್ರಮಜೀವಿ, ಬೇಗ ಕಲಿಯುವವಳು, ಶಿಸ್ತಿನವಳು, ಎಲ್ಲರೊಡನೆ ಹೊಂದಿಕೊಳ್ಳುವವಳು.

ಕನ್ನಡಕ ಓದಿದ. "ಇದು ರೆಸ್ಯುಮೆನೋ, ಬಾಡಿಗೆ ಮನೆ ಕೇಳೋ ಅರ್ಜಿನೋ? ಗಲಾಟೆ ಮಾಡಲ್ಲ, ಗೋಡೆಗೆ ಮೊಳೆ ಹೊಡೆಯಲ್ಲ ಅಂತಾನೂ ಸೇರಿಸು. ನೀನು ಏನು ಮಾಡಿದೆ ಅಂತ ಎಲ್ಲಿದೆ?" ಆ ಪುಟ ಮುಚ್ಚಿ, "ಅಣ್ಣನ ರೆಸ್ಯುಮೆ ತೆರಿ," ಅಂದ.

ಅವನದು ಒಂದೇ ಪುಟ. ಮೇಲೆ ಹೆಸರು, ಫೋನು, ಇಮೇಲು. ಕೆಳಗೆ ಕಲಿತದ್ದು, ಕಟ್ಟಿದ್ದು. ಒಂದೂ ಹೊಗಳಿಕೆಯಿಲ್ಲ. 'ಕಟ್ಟಿದೆ', 'ತಿದ್ದಿದೆ', 'ಪ್ರೋಗ್ರಾಂ ಓಡುವ ಹೊತ್ತು ಅರ್ಧಕ್ಕೆ ಇಳಿಸಿದೆ', ಹೀಗೆ ಎಲ್ಲ ಮಾಡಿದ ಕೆಲಸವೇ. ಒಂದೊಂದು ಸಾಲಿನ ಮೇಲೂ ಐದು ನಿಮಿಷ ಮಾತಾಡೋಕೆ ಬರಬೇಕು, ಬರದಿದ್ದರೆ ಆ ಸಾಲು ಅಲ್ಲಿರಬಾರದು. ಅದು ಅಣ್ಣನ ಕಟ್ಟಳೆ.

ಗುಬ್ಬಿ ಅದರ ನಕಲು ಮಾಡಿಕೊಂಡಳು. ಅವನ ಹೆಸರು ಅಳಿಸಿ ತನ್ನದು ಬರೆದಳು. ಇಮೇಲು ಅಳಿಸಿ ತನ್ನದು ಹಾಕಿದಳು. ಅವನ ಶಾಲೆ, ಅವನ ಅಂಕ, ಅವನ ಮೊದಲ ಕಂಪನಿ. ಅಮ್ಮ ಹಳೆಯ ಹೊಲಿಗೆ ಬಿಚ್ಚುವ ಹಾಗೆ ಬಟ್ಟೆ ಎಳೆಯದೆ, ಒಂದೊಂದೇ. ಬೆರಳು ತನ್ನ ಪಾಡಿಗೆ ಹೋಗುತ್ತಿತ್ತು.

"ಅವನ ಈ ಲೈಬ್ರರಿ ಪ್ರೋಗ್ರಾಂ ಇರಲಿ ಬಿಡು," ಅಂದಳು ಗುಬ್ಬಿ. "ಯಾರಿಗೆ ಗೊತ್ತಾಗುತ್ತೆ?"

"ಅದರ ಬಗ್ಗೆ ಐದು ನಿಮಿಷ ಮಾತಾಡ್ತೀಯಾ?"

"ಇಲ್ಲ."

"ತೆಗಿ."

ತೆಗೆದಳು. ಪುಟದ ನಡುವೆ ಬಿಳಿ ಜಾಗ ಬಾಯಿ ಬಿಟ್ಟುಕೊಂಡು ನಿಂತಿತು.

"ನಾನು ಏನೂ ಮಾಡಿಲ್ಲ. ಪಾಸಾದೆ, ಅಷ್ಟರಲ್ಲಿ ಅವನು ಹಾಸಿಗೆ ಹಿಡಿದ. ಎಲ್ಲ ಅದರಲ್ಲೇ ಹೋಯ್ತು."

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಕನ್ನಡಕ ಅವಳನ್ನೇ ನೋಡಿದ. "ನಾನು ಅವನ ಹತ್ತಿರ ಇದ್ದ ರಾತ್ರಿಗಳಲ್ಲಿ ಮಾತ್ರೆಯ ಹೊತ್ತಿಗೆ ನನ್ನ ಫೋನಿಗೆ ಮೆಸೇಜು ಬರ್ತಿತ್ತಲ್ಲ, ಕೊಟ್ಟೆ ಅಂತ ಒತ್ತೋ ತನಕ ಪ್ರಾಣ ತಿಂತಿತ್ತಲ್ಲ. ಅದನ್ನ ಬರೆದವರು ಯಾರು?"

"ಅದು ಮನೆಗೆ ಅಂತ ಮಾಡಿದ್ದು."

"ಆದರೂ ಮೂರು ಜನ ಬಳಸಿದ್ದು. ಅಮ್ಮ, ನೀನು, ನಾನು. ಎಷ್ಟೋ ಪ್ರೋಗ್ರಾಮುಗಳನ್ನ ಬರೆದವನೂ ಬಳಸಲ್ಲ."

"ಅದರಿಂದ ಏನು ಉಳೀತು?"

ಕನ್ನಡಕ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಒಂದು ಮಾತ್ರೆಯೂ ತಪ್ಪಲಿಲ್ಲ," ಅಂದಳು, ಬಟ್ಟೆಗೇ ಹೇಳಿದ ಹಾಗೆ. ಪಿನ್ನು ಮತ್ತೆ ಬಾಯಿಗೆ ಹೋಯಿತು.

ಗುಬ್ಬಿ ಬರೆದಳು: ಔಷಧಿಯ ಹೊತ್ತು ನೆನಪಿಸುವ ಪ್ರೋಗ್ರಾಂ ಕಟ್ಟಿದೆ. ಮೂವರ ಪಾಳಿ. ಒಬ್ಬರು ಉತ್ತರಿಸದಿದ್ದರೆ ಮುಂದಿನವರಿಗೆ ಹೋಗುವಂತೆ ತಿದ್ದಿದೆ. ಒಂದೂ ತಪ್ಪಲಿಲ್ಲ. ಖಾಲಿ ಇದ್ದ ಕಾಲಕ್ಕೆ, 'ಮನೆಯಲ್ಲಿ ರೋಗಿಯ ಆರೈಕೆ' ಅಂತ ಒಂದು ಸಾಲು. ಕನ್ನಡಕ ಕಾಗುಣಿತ ನೋಡಿದ, ಸಾಲುಗಳ ಅಂತರ ನೋಡಿದ. ಮರುದಿನಕ್ಕೆ ಕಾಯದೆ ಅಲ್ಲೇ ಕಳಿಸಿದರು.

ವಾರ ಕಳೆಯಿತು. ಗುಬ್ಬಿಯ ಫೋನು ಸುಮ್ಮನಿತ್ತು. ಬರದಿದ್ದರೆ ಬರಲಿಲ್ಲ ಅಂದುಕೊಂಡಳು. ಅಮ್ಮ ಮಾತ್ರ ದಿನಕ್ಕೊಮ್ಮೆ, "ಬಂತಾ?" ಅನ್ನುತ್ತಿದ್ದಳು. ಇವಳು, "ಇಲ್ಲ," ಅನ್ನುತ್ತಿದ್ದಳು. ಅಷ್ಟೇ ಅವರ ಮಾತು.

ಒಂದು ಮಧ್ಯಾಹ್ನ ಅವಳು ಒಳಗೆ ನೆಲ ಒರೆಸುತ್ತಿದ್ದಾಗ ಮುಂದಿನ ಕೋಣೆಯಲ್ಲಿ ಫೋನು ಹಾಡಿತು. ಅಣ್ಣನ ಫೋನು. ಆ ಹಾಡು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಮೆಷಿನ್ನು ನಿಂತಿತು. ಹಾಡು ಅರ್ಧಕ್ಕೆ ತುಂಡಾಯಿತು.

"ಹಲೋ," ಅಂದಳು ಅಮ್ಮ. ಆಮೇಲೆ, "ಅವನಿಲ್ಲ."

ಗುಬ್ಬಿ ಒದ್ದೆ ಬಟ್ಟೆ ಹಿಡಿದೇ ಬಂದಳು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಯಾರಮ್ಮ?"

"ಯಾವುದೋ ಕಂಪನಿಯಂತೆ. ಕೆಲಸಕ್ಕೆ ಅರ್ಜಿ ಹಾಕಿದವರು ಇದ್ದಾರಾ ಅಂದ್ರು. ಇಲ್ಲ ಅಂದು ಇಟ್ಟೆ."

"ಹೆಸರು ಹೇಳಿದ್ರಾ?"

"ಹೇಳೋಕೆ ನಾನೆಲ್ಲಿ ಬಿಟ್ಟೆ?"

ಗುಬ್ಬಿ ಲ್ಯಾಪ್‌ಟಾಪು ತೆರೆದಳು. ಹೆಸರು ಅವಳದು, ಇಮೇಲು ಅವಳದು. ನಡುವೆ ಅಣ್ಣನ ನಂಬರು. ಅವಳು ನೋಡಿದ್ದಳು, ಕನ್ನಡಕ ನೋಡಿದ್ದ. ಇಬ್ಬರಿಗೂ ಅದು ಬಾಯಿಪಾಠ. ಬಾಗಿಲಲ್ಲಿ ಬಿಟ್ಟ ಮನೆಯವರ ಚಪ್ಪಲಿಯ ಹಾಗೆ ಅದು ಯಾರ ಕಣ್ಣಿಗೂ ಚುಚ್ಚಿರಲಿಲ್ಲ.

"ಅಮ್ಮ, ಅವರು ಕೇಳಿದ್ದು ನನ್ನನ್ನ."

ಅಮ್ಮ ಫೋನು ಚಾಚಿದಳು.

ಗುಬ್ಬಿ ಸ್ಪೀಕರು ಹಾಕಿ ತಿರುಗಿ ಕರೆ ಮಾಡಿದಳು. ಆ ಕಡೆ ಎತ್ತಿದ್ದು ಒಬ್ಬ ಹೆಂಗಸು. "ಈಗ ಯಾರೋ ಇಲ್ಲ ಅಂದ್ರಲ್ಲ."

"ನಮ್ಮಮ್ಮ. ಇದು ಅಣ್ಣನ ನಂಬರು. ಅವನ ರೆಸ್ಯುಮೆಯಿಂದ ನಕಲು ಮಾಡಿದ್ದು, ಬದಲಾಯಿಸೋಕೆ ಮರೆತೆ. ಅವನನ್ನ ಕೇಳ್ತಿದ್ದೀರಿ ಅಂದುಕೊಂಡ್ರು."

"ತಪ್ಪು ಹುಡುಕೋ ಕೆಲಸ ಕೇಳ್ತೀರಿ, ನಿಮ್ಮ ನಂಬರೇ ನೋಡಿಲ್ಲ."

"ಹೌದು. ನೋಡಿಲ್ಲ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಔಷಧಿ ಪ್ರೋಗ್ರಾಂ ಅಂತ ಇದೆಯಲ್ಲ, ಅದು ಆ ಅಣ್ಣನಿಗೇನಾ?"

"ಹೌದು."

"ನಾಳಿದ್ದು ಹನ್ನೊಂದಕ್ಕೆ ನಮ್ಮ ಟೆಕ್ನಿಕಲ್‌ನವರು ಮಾತಾಡ್ತಾರೆ. ಅದರ ಬಗ್ಗೆಯೇ ಕೇಳ್ತಾರೆ, ತಯಾರಾಗಿರಿ. ಯಾವ ನಂಬರಿಗೆ ಮಾಡಲಿ?"

ಗುಬ್ಬಿ ತನ್ನ ನಂಬರು ಹೇಳಲು ಬಾಯಿ ತೆರೆದಳು.

"ಇದಕ್ಕೇ ಮಾಡಲಿ," ಅಂದಳು ಅಮ್ಮ. "ಚಾರ್ಜು ತುಂಬಿದೆ."

"ಇದಕ್ಕೇ ಮಾಡಿ," ಅಂದಳು ಗುಬ್ಬಿ.

ಅಮ್ಮ ಫೋನು ತೆಗೆದುಕೊಂಡು ಸೆರಗಿನಿಂದ ಒರೆಸಿ ಪ್ಲಗ್ಗಿಗೆ ಸಿಕ್ಕಿಸಿದಳು. ಕನ್ನಡಕನ ಪ್ಯಾಂಟು ಎಳೆದುಕೊಂಡು ಅಂಚು ಬಿಚ್ಚತೊಡಗಿದಳು. "ಐದು ನಿಮಿಷ ಹೇಳಬೇಕಲ್ಲ, ಹೇಳು. ನಾನು ಕೇಳ್ತೀನಿ."

ಗುಬ್ಬಿ ನೆಲದ ಮೇಲೆ ಕೂತು ಹೇಳಿದಳು. ಪಟ್ಟಿ ಎಲ್ಲಿರುತ್ತಿತ್ತು, ಮೆಸೇಜು ಹೇಗೆ ಹೋಗುತ್ತಿತ್ತು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾದು ಮುಂದಿನವರಿಗೆ ಹೋಗುತ್ತಿತ್ತು. ಪರರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಎರಡು ನಿಮಿಷಕ್ಕೆ ಮುಗಿಯಿತು.

"ಮುಂದಿನವರಿಗೆ ಅಂತ ಯಾಕೆ ಹಾಕಿದೆ?" ಅಮ್ಮ ತಲೆ ಎತ್ತಲಿಲ್ಲ. "ಮೊದಲು ಅದಿರಲಿಲ್ಲ."

"ಒಂದು ಸಲ ನನ್ನ ಪಾಳಿಯಲ್ಲಿ ನಿದ್ದೆ ಹೋದೆ. ಅವನೇ ಎಬ್ಬಿಸಿದ, ಮಾತ್ರೆ ಕೊಡೇ ಅಂತ. ಮಾರನೇ ದಿನ ತಿದ್ದಿದೆ."

"ಅವನು ಬೈದನಾ?"

"ಇಲ್ಲ. ಪ್ರೋಗ್ರಾಮಲ್ಲಿ ತೂತಿದೆ, ಮುಚ್ಚು ಅಂದ."

ಕತ್ತರಿಯ ತುದಿ ಒಂದು ನೂಲಿನ ಕೆಳಗೆ ಹೋಗಿ ಅಲ್ಲೇ ನಿಂತಿತು.

"ಅದನ್ನೂ ಹೇಳು," ಅಂದಳು ಅಮ್ಮ. "ಮೊದಲಿಂದ ಹೇಳು."

ಗುಬ್ಬಿ ಮೊದಲಿಂದ ಶುರು ಮಾಡಿದಳು. ನಿದ್ದೆಯ ಜಾಗ ಬಂದಾಗ ಮಾತು ಒಂದು ಸಲ ತಡವರಿಸಿತು. ಆ ಸಾಲನ್ನೇ ಮತ್ತೊಮ್ಮೆ ಹೇಳಿ ಮುಂದಕ್ಕೆ ಹೋದಳು.