ಎಡದವಡೆ

ಚಿಕ್ಕಂದಿನಿಂದ ಮೂಗಿಗಂಟಿದ್ದ ಲವಂಗದೆಣ್ಣೆಯ ವಾಸನೆ ಅವ್ವ ಸತ್ತರೂ ಅವಳ ಕೆನ್ನೆಯನ್ನು ಬಿಟ್ಟಿರಲಿಲ್ಲ. ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದ ಮಮತಾಳ ಕೈ ಎಡದವಡೆಯ ಬಾವಿನ ಮೇಲೆ ನಿಂತಿತು.

"ಆಕಿ ಮಾರಿ ಮ್ಯಾಲ ಸೆರಗ ಎಳಿ, ಮಂದಿ ಬರಾಕತ್ತಾರ," ಎಂದ ಅಪ್ಪ ಬೀರಲಿಂಗಪ್ಪ.

ಹಮ್ಮಿಗಿ ಊರಿನ ಓಣಿಯಲ್ಲಿ ಅವ್ವ ಶಂಕ್ರೆವ್ವ ವರ್ಷಗಟ್ಟಲೆ ಬಾವು ಕಾಣದ ಹಾಗೆ ಸೆರಗೆಳೆದುಕೊಂಡೇ ತಿರುಗಿದ್ದಳು. ಮಮತಾ ಎಳೆಯಲಿಲ್ಲ.

ಕಟ್ಟೆಯ ಮೇಲೆ ಕೊಟ್ರಪ್ಪ ಕಾಕಾ ಅನ್ನುತ್ತಿದ್ದ: "ಹಲ್ಲಬ್ಯಾನಿಗೆ ಯಾರರ ಸಾಯ್ತಾರೇನು? ಆಯುಷ್ಯ ಮುಗದಿತ್ತು."

"ಕೀವು ಗಂಟಲಿಗಿಳದು ಸತ್ತಾಳ ಕಾಕಾ. ಗದಗ ಮುಟ್ಟಾಕೂ ಉಸಿರು ಉಳೀಲಿಲ್ಲ," ಎಂದಳು ಮಮತಾ ಒಳಗಿನಿಂದ.

ಉಡಿಸಲು ಹೊಸ ಸೀರೆ ಬೇಕಿತ್ತು. ಅವ್ವನ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ದವಡೆಯ ಎಕ್ಸ್‌ರೇ ಸಿಕ್ಕಿತು. ಜೊತೆಗೊಂದು ಡಾಕ್ಟರರ ಚೀಟಿ. ಓದುತ್ತಲೇ ಮಮತಾಳ ನಾಲಿಗೆ ತನ್ನದೇ ಎಡಗಡೆಯ ಕಡೆಯ ಹಲ್ಲಿನ ಹಿಂದೆ ಹೋಯಿತು. ಎರಡು ತಿಂಗಳಿಂದ ಅಲ್ಲೊಂದು ಉಬ್ಬು. ನೋವಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

*

ಎಂಟು ವರ್ಷದ ಹಿಂದೆ ಅವ್ವನ ಆಪರೇಷನ್ ಆದಾಗ ಮಮತಾ ಗದಗಿನ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಡಾಕ್ಟರ್ ವನಿತಾ ಇದೇ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಿದ್ದರು.

"ಎಲುಬಿನೊಳಗ ನೀರಿನ ಚೀಲ ಬೆಳದಿತ್ರಿ. ತಗದೇವಿ. ಆದ್ರ..."

ಯಾರೋ ಬಾಗಿಲು ಮುಚ್ಚಿದರು. ಹೊರಬಂದ ಅಪ್ಪ, "ಆತು, ಇನ್ನ ಬರೂದ ಬ್ಯಾಡಂತ," ಎಂದ. ಅವನ ಹಿಂದೆ ಬಂದ ಅವ್ವ ಮಗಳ ಮುಖ ನೋಡಿದಳು, ಕೈಯಲ್ಲಿದ್ದ ಡಾಕ್ಟರರ ಚೀಟಿಯನ್ನು ಕುಬಸದೊಳಗೆ ತುರುಕಿಕೊಂಡಳು.

*

ಮಮತಾ ಹೆಣದ ಮುಂದೆ ನಿಂತು ಗಟ್ಟಿಯಾಗಿ ಓದಿದಳು: "'ಈ ಚೀಲ ಮತ್ತೆ ಬೆಳೆಯಬಹುದು. ವರ್ಷಕ್ಕೊಮ್ಮೆ ತಪ್ಪದೆ ಎಕ್ಸ್‌ರೇ ತೆಗೆಸಿ. ಮನೆತನದಲ್ಲಿ ಬರುವುದುಂಟು, ಮಗಳ ದವಡೆಯನ್ನೂ ತೋರಿಸಿ.' ಒಮ್ಮ್ಯಾರ ಕರಕೊಂಡು ಹೋದಿ ಏನಪಾ?"

"ಸಾವಕಾಶ ಮಾತಾಡ. ನಿನಗ ವರಾ ನೋಡೂದಿತ್ತು. ಮನೆತನದ ಬ್ಯಾನಿ ಅಂದ್ರ ಯಾರ ಬರ್ತಿದ್ರು?"

"ಬರದಿದ್ರ ಬಿಡ್ತಿದ್ರು! ಅವ್ವರ ಇರತಿದ್ಲು!"

"ಹೆಣದ ಮುಂದ ಜಗಳ ಬ್ಯಾಡವ್ವ," ಎಂದ ಕೊಟ್ರಪ್ಪ.

"ಮತ್ತೆಲ್ಲಿ ಮಾಡ್ಲಿ ಕಾಕಾ? ಜೀವ ಇದ್ದಾಗ ಆಕಿ ಬಾಯಿ ನೀವ ಮುಚ್ಚಿಸಿದ್ರಿ. ಈಗ ಬಟ್ಟಿ ಕಟ್ಟೂ ಕೆಲಸ ನನಗ ಬಂತು."

ಬೀರಲಿಂಗಪ್ಪ ಹೆಗಲ ಮೇಲಿನ ವಸ್ತ್ರವನ್ನು ಕಣ್ಣಿಗೊತ್ತಿಕೊಂಡ. ಅವನು ಅಳುತ್ತಿದ್ದುದು ಮಮತಾಳಿಗೆ ಕಂಡಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಮಣ್ಣು ಮುಗಿಸಿ ಬಂದಾಗ, ಒಲೆ ಹಚ್ಚದ ಆ ಮನೆಗೆ ನೆರೆಮನೆಯ ಅಮೃತವ್ವ ಬುಟ್ಟಿ ಹೊತ್ತು ಬಂದಿದ್ದಳು. ಎಲ್ಲರಿಗೂ ಒಣಗಿ ಗರಿಯಾದ ಕಟಿರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಚೀಟಿ ಓದಿದ್ದನ್ನು ಕೇಳಿದ್ದ ಅವಳು ಮಮತಾಳ ಎಡಗೆನ್ನೆಯನ್ನೊಮ್ಮೆ ನೋಡಿ, ಅವಳ ಮುಂದೆ ರೊಟ್ಟಿ ಇಡಲಿಲ್ಲ. ಶಂಕ್ರೆವ್ವನಿಗೆಂದು ದಿನವೂ ತರುತ್ತಿದ್ದ ಹಿತ್ತಾಳೆ ಬಟ್ಟಲನ್ನು ಸೆರಗಿನಡಿಯಿಂದ ತೆಗೆದು ಅವಳ ಕೈಗಿಟ್ಟಳು. ಒಳಗೆ, ಹಾಲಿನಲ್ಲಿ ನೆನೆಸಿ ಮೆತ್ತಗೆ ಕಿವುಚಿದ ರೊಟ್ಟಿ.