ಮೀನಿನ ಕೆಳಗಿನ ನೆಲ

ನೀರಿನ ತಳ ಅಳೆಯುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಉಟ್ಟ ಬಟ್ಟೆಯ ಕಾರಣಕ್ಕಲ್ಲ. ಅದು ಹೆಚ್ಚಿನ ದಿನ ಮುದುಡಿಯೇ ಇರುತ್ತಿತ್ತು. ಅಳತೆಯ ದೋಣಿ ತಂದು ಸುರಿದ ಲಕ್ಷಾಂತರ ಚುಕ್ಕಿಗಳನ್ನು ಅವಳು ಕಂಪ್ಯೂಟರಿನ ಮುಂದೆ ಕೂತು ಒಪ್ಪ ಮಾಡಿದಳೆಂದರೆ, ನೀರಡಿಯ ನೆಲ ಒಂದು ಸುಕ್ಕೂ ಇಲ್ಲದೆ ಸ್ಕ್ರೀನಿನ ಮೇಲೆ ಹರಡಿಕೊಳ್ಳುತ್ತಿತ್ತು. ಆ ಹೆಸರು ಅವಳಿಗೂ ಒಳಗೊಳಗೇ ಇಷ್ಟ.

ಕೆಲಸ ಹೇಳಲಿಕ್ಕೇನೋ ಸುಲಭ. ದೋಣಿ ತನ್ನ ಹೊಟ್ಟೆಯಡಿಯಿಂದ ಸದ್ದು ಬಿಡುತ್ತದೆ. ಸದ್ದು ತಳ ಮುಟ್ಟಿ ಮರಳುವುದಕ್ಕೆ ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಒಂದೊಂದು ಮರುದನಿಯೂ ಸ್ಕ್ರೀನಿನಲ್ಲಿ ಒಂದು ಚುಕ್ಕಿ. ಆದರೆ ಸದ್ದಿಗೆ ಕಣ್ಣಿಲ್ಲವಲ್ಲ! ದಾರಿಯಲ್ಲಿ ಮೀನಿನ ಹಿಂಡು ಸಿಕ್ಕರೆ ಅರ್ಧ ಸದ್ದು ನುಸುಳಿ ನೆಲ ಮುಟ್ಟುತ್ತದೆ. ಇನ್ನರ್ಧ ಮೀನಿಗೇ ತಾಕಿ ಓಡಿ ಬಂದು, ಇಲ್ಲೇ ನೆಲ, ಇಲ್ಲೇ ನೆಲ ಎಂದು ಸುಳ್ಳು ಹೇಳುತ್ತದೆ. ಅಂಥ ಚುಕ್ಕಿಗಳ ಸುತ್ತ ಮೌಸಿನಿಂದ ಕುಣಿಕೆ ಎಳೆದು ಹಿಡಿಯಬೇಕು. ಹಿಡಿದವುಗಳ ಅಂಕಿ ಪಕ್ಕದಲ್ಲಿ ಸಾಲಾಗಿ ತೆರೆದುಕೊಳ್ಳುತ್ತದೆ. ಅದನ್ನು ಅಳಿಸಿ, ಸುತ್ತಲಿನ ಆಳದ ಸರಾಸರಿ ತುಂಬಿದರೆ ಮೀನು ಮಾಯ.

ಆ ಮಧ್ಯಾಹ್ನ ಅವಳ ತಮ್ಮ ಬಂದ. ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚ್ ನಡೆಸುವವನು. ಮಾರನೆಯ ಬೆಳಿಗ್ಗೆ ಹೊಸ ಲಾಂಚಿನ ಮೊದಲ ಓಟ. ಅದು ಹಳೆಯದಕ್ಕಿಂತ ದೊಡ್ಡದು, ನೀರಿನಲ್ಲಿ ಹೆಚ್ಚು ಆಳಕ್ಕೆ ಕೂರುವಂಥದ್ದು. ಸುತ್ತುದಾರಿ ಬಿಟ್ಟು ನೇರವಾಗಿ ದಾಟಬಹುದು ಎಂದು ತೋರಿಸಿಕೊಟ್ಟದ್ದೇ ಅಕ್ಕನ ಹೊಸ ನಕ್ಷೆ.

"ಅಮ್ಮನಿಗೆ ಮುಂದಿನ ಸೀಟು ಹಿಡಿದಿಟ್ಟಿದ್ದೀನಿ," ಎನ್ನುತ್ತಾ ಕುರ್ಚಿ ಎಳೆದು ಕೂತ. "ನೀನೂ ಬಾ ಅಂದ್ರೆ ಬರಲ್ಲ. ನೀರು ಅಳೆಯೋಳಿಗೆ ನೀರು ಕಂಡ್ರೆ ಭಯ!"

"ಭಯ ಅಲ್ವೋ, ವಾಂತಿ. ಸುಮ್ನೆ ನಕ್ಷೆ ನೋಡು."

ಅವನು ಕತ್ತು ಓರೆ ಮಾಡಿ ನೋಡಿದ. "ಇದೇನು ಮೇಲಿಂದ ತೋರಿಸ್ತೀಯ? ನಾನೇನು ಹದ್ದಾ? ನಾನು ಹೋಗೋ ದಾರೀಲಿ ತೋರಿಸು. ನೆಲ ನನ್ನ ಎದುರಿಗೆ ಬರೋ ಹಾಗೆ."

ಅವಳು ನಗುತ್ತಲೇ ಚಿತ್ರವನ್ನು ಬದಿಗೆ ವಾಲಿಸಿದಳು. ನೀರಡಿಯ ನೆಲ ಎದುರಿಗೆ ಬಂತು. ಸಣ್ಣ ಏರು, ಸಣ್ಣ ಇಳಿಜಾರು, ಕೆಸರಿನ ಅಲೆ. ಹೊಸ ದಾರಿಯ ನಟ್ಟನಡುವೆ ಮಾತ್ರ, ಯಾರೋ ಹಲಗೆ ತಂದಿಟ್ಟ ಹಾಗೆ ಒಂದು ಬಿಲ್ಲೆ. ನುಣ್ಣಗೆ, ಮಟ್ಟಸವಾಗಿ.

"ಆಹಾ! ಮೇಜು ಇದ್ದ ಹಾಗಿದೆಯಲ್ಲ ಅಕ್ಕಾ!" ಎಂದ ತಮ್ಮ.

ಅವಳ ನಗು ಬಾಯಲ್ಲೇ ಒಣಗಿತು. ನೀರಿನ ಕೆಳಗೆ ಮೇಜು ಯಾರೂ ಹಾಕುವುದಿಲ್ಲ.

ಅಲ್ಲಿದ್ದದ್ದು ಮೀನಿನ ಹಿಂಡು. ಅವಳಿಗೆ ಚೆನ್ನಾಗಿ ನೆನಪಿತ್ತು. ಯಾವಾಗಲೂ ಚಿತ್ರವನ್ನು ಬದಿಗೆ ತಿರುಗಿಸಿ ಮೀನಿಗಷ್ಟೇ ಕುಣಿಕೆ ಹಾಕುವವಳು, ಅಂದು ಹಿಂಡು ಅಷ್ಟು ಸ್ಪಷ್ಟವಾಗಿ ಕಾಣುತ್ತಿದೆಯಲ್ಲ ಎಂದು ಮೇಲಿಂದಲೇ ಹಾಕಿದ್ದಳು. ಮೇಲಿಂದ ಹಾಕಿದ ಕುಣಿಕೆ ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ, ತಳದ ತನಕ ಹೋಗುತ್ತದೆ. ಕಣ್ಣಿಗೆ ಕಂಡ ಮೀನಿನ ಜೊತೆಗೆ ಕಾಣದೆ ಕೆಳಗಿದ್ದ ನೆಲದ ಚುಕ್ಕಿಗಳೂ ಸಿಕ್ಕಿಬಿದ್ದಿದ್ದವು. ಎಲ್ಲಕ್ಕೂ ಒಂದೇ ಅಂಕಿ ತುಂಬಿ, ಹಳೆಯ ಕಡತದ ಮೇಲೆಯೇ ಸೇವ್ ಮಾಡಿ ಮನೆಗೆ ಹೋಗಿದ್ದಳು. ಮೀನಿನ ಕೆಳಗೆ ಕೆಸರಿತ್ತೋ, ಬಂಡೆ ತಲೆ ಎತ್ತಿತ್ತೋ, ಈಗ ಯಾರು ಹೇಳಬೇಕು? ಮೂಲ ಅಳತೆಯ ಡಿಸ್ಕ್ ಅಳತೆಯ ದೋಣಿಯಲ್ಲೇ ಇತ್ತು. ದೋಣಿ ಬಹುದೂರದ ಕೆಲಸಕ್ಕೆ ಹೋಗಿತ್ತು, ಬರುವುದು ಮುಂದಿನ ವಾರ.

"ಏನಾಯ್ತು? ಮುಖ ಯಾಕೆ ಹೀಗಾಯ್ತು?"

"ನಾಳೆ ಹೊರಡೋ ಮುಂಚೆ ನಾನು ಹೊಸ ನಕ್ಷೆ ಕಳಿಸ್ತೀನಿ. ಅದು ಬರೋ ತನಕ ಹಗ್ಗ ಬಿಚ್ಚಬೇಡ."

"ಜನ ಕಾಯ್ತಿರ್ತಾರೆ ಅಕ್ಕಾ..."

"ಹಗ್ಗ ಬಿಚ್ಚಬೇಡ ಅಂದೆ."

ಚಿಕ್ಕವನಿದ್ದಾಗ ಬಿಸಿಲಿಗೆ ಹೋಗಬೇಡ ಎನ್ನುತ್ತಿದ್ದ ಅದೇ ದನಿ. ಅವನು ಎದ್ದು ಹೋದ.

ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಯಾವ ನಕ್ಷೆಯೂ ಕಚೇರಿ ದಾಟುವಂತಿಲ್ಲ. ಅವರಿಗೂ ಒಂದು ಅಡ್ಡಹೆಸರಿತ್ತು: ಆಗ್ಲಿ ಸಾರ್. ಏನೇ ಆದರೂ "ಆಗ್ಲಿ ಬಿಡಿ" ಎನ್ನುವವರು, ಒಳ್ಳೆಯವರು. ಅವಳು ಹೇಳಿದ್ದನ್ನೆಲ್ಲ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು.

"ಸುತ್ತಲಿನ ಸರಾಸರಿ ತಾನೇ ಹಾಕಿರೋದು? ಅಂದಾಜು ಸರಿಯಾಗೇ ಇರುತ್ತೆ. ಆಗ್ಲಿ ಬಿಡಿ."

"ಅಂದಾಜು ಅಂತ ನಕ್ಷೇಲಿ ಬರೆದಿಲ್ಲ ಸಾರ್. ಅಳೆದಿದ್ದು ಅಂತ ಬರೆದಿದೆ."

"ಹಾಗಾದ್ರೆ ಒಂದು ಕೆಲಸ ಮಾಡಿ. ತೀರಾ ಚಪ್ಪಟೆ ಕಾಣದ ಹಾಗೆ ಒಂದಿಷ್ಟು ಏರು ತಗ್ಗು ಹಾಕಿ. ನಿಮ್ಮ ಕೈಗೆ ಅದೇನು ಕಷ್ಟ?"

ಕಷ್ಟವೇನೂ ಇರಲಿಲ್ಲ. ಅವಳ ಬೆರಳಿಗೆ ಆ ಕೆಲಸ ನೀರು ಕುಡಿದಷ್ಟು ಸಲೀಸು. ಪಕ್ಕದ ಕೆಸರಿನ ಅಲೆ ನೋಡಿಕೊಂಡು ಅಂಥವೇ ಅಂಕಿ ಹೆಣೆದರೆ ಬ್ರಹ್ಮನಿಗೂ ಗುರುತು ಸಿಗದು. ಅದನ್ನು ಯೋಚಿಸುತ್ತಲೇ ಅವಳಿಗೆ ಅಮ್ಮನ ಬೆರಳು ನೆನಪಾಯಿತು.

ಅಮ್ಮ ಸಂಜೆ ಹೊತ್ತು ಕೂತು ಪದ್ಯ ಹೇಳುವವಳು. ಓದು ಬರದವಳಲ್ಲ, ಆದರೆ ಪುಸ್ತಕ ಹಿಡಿಯುತ್ತಿರಲಿಲ್ಲ; ಎಲ್ಲ ಬಾಯಿಪಾಠವೇ. ವಯಸ್ಸಾದ ಮೇಲೆ ನಡುವೆ ಒಂದೊಂದು ಸಾಲು ಜಾರಿಹೋಗುತ್ತಿತ್ತು. ಆಗ ಅಮ್ಮ ತಡವರಿಸುತ್ತಿರಲಿಲ್ಲ, ಸ್ವಂತ ಮಾತು ತುರುಕುತ್ತಲೂ ಇರಲಿಲ್ಲ. ಮಂಡಿಯ ಮೇಲೆ ಬೆರಳಿನಿಂದ ಆ ಸಾಲಿನಷ್ಟು ತಾಳ ತಟ್ಟಿ, ಬಾಯಿ ಮುಚ್ಚಿ ಕೂತು, ಮುಂದಿನ ಸಾಲಿಗೆ ಹೋಗುತ್ತಿದ್ದಳು. "ಏನೋ ಒಂದು ಹೇಳಿಬಿಡಮ್ಮ, ಯಾರಿಗೆ ಗೊತ್ತಾಗುತ್ತೆ?" ಎಂದು ತಮ್ಮ ಒಮ್ಮೆ ರೇಗಿಸಿದ್ದಕ್ಕೆ, "ದೇವರ ಎದುರು ಕೂತು ಹೇಳೋದು ಕಣೋ. ಮರೆತಿದ್ದು ಮರೆತ ಹಾಗೇ ಇರಲಿ," ಎಂದಿದ್ದಳು.

"ಹಾಕಲ್ಲ ಸಾರ್," ಎಂದಳು. "ಆ ಜಾಗ ಖಾಲಿ ಬಿಡ್ತೀನಿ. ಗೊತ್ತಿಲ್ಲ ಅಂತ."

"ಖಾಲಿ ಅಂದ್ರೆ?"

"ಖಾಲಿ ಅಂದ್ರೆ ಖಾಲಿ. ಕರೀ ತೂತು."

"ತೂತು ಬಿದ್ದ ನಕ್ಷೆ ಕೊಟ್ರೆ ಜನ ನಗ್ತಾರಮ್ಮ!"

"ನಗಲಿ ಸಾರ್. ನಗಬೇಕಾದ್ರೂ ನೀರಿನ ಮೇಲಿರಬೇಕಲ್ಲ."

ಅವರು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. "ನಿಮ್ಮ ತಮ್ಮ ಓಡಿಸ್ತಾನೆ ಅಂತ ಇಷ್ಟು ಹಟ ಮಾಡ್ತಿದ್ದೀರಾ?"

ಆ ಮಾತು ಚುರುಕ್ಕೆಂದಿತು. "ಹೌದು ಸಾರ್. ಅವನು ಬರದಿದ್ರೆ ನಾನು ಬದಿಯಿಂದ ನೋಡ್ತಾನೇ ಇರ್ಲಿಲ್ಲ. ಅದೂ ನನ್ನ ತಪ್ಪೇ."

"ನಾಳೆ ನೋಡೋಣ."

"ನಾಳೆ ಲಾಂಚ್ ನೋಡುತ್ತೆ ಸಾರ್, ನಾವಲ್ಲ." ಅವಳು ಅವರೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಕೈಚೀಲ ತೊಡೆಯ ಮೇಲಿಟ್ಟುಕೊಂಡಳು, ಬಸ್ಸಿಗೆ ಕಾಯುವವರ ಹಾಗೆ. ಅವರು ಫೋನಿನಲ್ಲಿ ಮಾತಾಡಿದರು, ಅವಳು ಕೂತೇ ಇದ್ದಳು. ಕಾಗದ ತಿರುವಿದರು, ಕಾಫಿ ತರಿಸಿದರು, ಅವಳಿಗೂ ಒಂದು ಲೋಟ ಕೊಡಿಸಿದರು. ಕುಡಿದಳು, ಏಳಲಿಲ್ಲ. ಕೊನೆಗೆ ಅವರೇ ಪೆನ್ನು ಕೆಳಗಿಟ್ಟರು.

"ಯಾರ ತಪ್ಪು ಅಂತ ಬರೆಯಲಿ?"

"ನನ್ನದು ಅಂತ ಬರೀರಿ."

"ಆಗ್ಲಿ," ಎಂದರು ಅವರು. ಈ ಸಲ ಹಿಂದೆ "ಬಿಡಿ" ಇರಲಿಲ್ಲ.

ತನ್ನ ಜಾಗಕ್ಕೆ ಬಂದು ಕೂತಳು. ಚಪ್ಪಟೆ ಬಿಲ್ಲೆಯನ್ನು ಹಿಡಿಯಲು ಕುಣಿಕೆ ಬೇಕಾಗಲಿಲ್ಲ. ತಾನು ತುಂಬಿದ ಅಂಕಿಯನ್ನೇ ಕೊಟ್ಟು, ಇದು ಇರುವ ಚುಕ್ಕಿಗಳನ್ನೆಲ್ಲ ಹಿಡಿ ಎಂದಳು. ಹಿಂಡಿಗೆ ಹಿಂಡೇ ಹಳದಿಯಾಗಿ ಹೊಳೆಯಿತು. ಚಿತ್ರವನ್ನು ಬದಿಯಿಂದ ನೋಡಿದಳು, ಕೆಳಗಿನಿಂದ ನೋಡಿದಳು, ಮತ್ತೆ ಆಚೆ ಬದಿಯಿಂದ ನೋಡಿದಳು. ಅಂಕಿ ಇರುವ ಜಾಗವನ್ನು ಖಾಲಿ ಮಾಡಿದಳು. ಸ್ಕ್ರೀನಿನ ನಡುವೆ, ಅವಳ ಇಷ್ಟು ವರ್ಷದ ಒಪ್ಪವಾದ ಕೆಲಸದ ನಡುವೆ, ಕಪ್ಪು ತೂತೊಂದು ಬಾಯಿ ತೆರೆಯಿತು. ಹೊಸ ಹೆಸರಿನಲ್ಲಿ ಸೇವ್ ಮಾಡಿ ಕಳಿಸಿದಳು.

ಐದು ನಿಮಿಷಕ್ಕೆ ತಮ್ಮನ ಫೋನು.

"ಇದೇನಕ್ಕಾ, ನಕ್ಷೇನ ಇಲಿ ಕಡಿದಿದೆ?"

"ಆ ಇಲಿ ನಾನೇ. ಅಲ್ಲಿ ಏನಿದೆ ಅಂತ ನಂಗೊತ್ತಿಲ್ಲ. ದೂರದಿಂದ ಸುತ್ತಿ ಹೋಗು."

"ಹೊಸ ಲಾಂಚು, ಹೊಸ ದಾರಿ ಅಂತ ಊರಿಗೆಲ್ಲ ಸಾರಿಕೊಂಡು ಬಂದಿದ್ದೀನಿ. ಈಗ ಕುಡುಕನ ಹಾಗೆ ಬಳಸ್ಕೊಂಡು ಹೋಗ್ಲಾ?"

"ಹೋಗು. ಮತ್ತೆ, ಇನ್ನೊಂದು ಸೀಟು ಹಿಡಿದಿಡು. ನಾನೂ ಬರ್ತೀನಿ."

"ಚೀಲ ತಗೊಂಡು ಬಾ," ಎಂದ. "ಹೊಸ ಲಾಂಚು."

ಬೆಳಿಗ್ಗೆ ಜೆಟ್ಟಿಯ ತುಂಬ ಜನ. ಅಮ್ಮ ಮುಂದಿನ ಸೀಟಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ಅವಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಲಾಂಚ್ ನೇರ ಹೊರಟಿತು. ಅಮ್ಮ ನೀರು ನೋಡುತ್ತಾ ತನ್ನಷ್ಟಕ್ಕೆ ಪದ್ಯ ಶುರು ಮಾಡಿದಳು. ನಡುನೀರಿಗೆ ಬರುತ್ತಿದ್ದ ಹಾಗೆ ತಮ್ಮ ಚಕ್ರ ತಿರುಗಿಸಿದ. ಲಾಂಚ್ ಬದಿಗೆ ವಾಲಿತು.

"ಆಚೆ ದಡ ಎದುರಿಗೇ ಇದೆಯಲ್ಲಪ್ಪಾ, ಯಾಕೆ ಸುತ್ತಿಸ್ತೀಯ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅಕ್ಕನನ್ನ ಕೇಳಿ!" ಎಂದ ತಮ್ಮ.

ಎಲ್ಲರ ಕಣ್ಣು ಅವಳ ಮೇಲೆ. ಅವಳು ಬಲಕ್ಕೆ ನೋಡಿದಳು. ಅಲ್ಲಿ ನೀರು ಉಳಿದ ನೀರಿನ ಹಾಗೇ ಇತ್ತು. ತೂತೂ ಇಲ್ಲ, ಗುರುತೂ ಇಲ್ಲ.

"ಅಲ್ಲಿನ ಆಳ ಅಳೆದಿದ್ದು ನನ್ನ ಕೈಯಿಂದ ಅಳಿಸಿಹೋಯ್ತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮುಂದಿನ ವಾರ ಮತ್ತೆ ನೋಡಿ ಹೇಳ್ತೀನಿ. ಅಲ್ಲಿ ತನಕ ಸುತ್ತೇ."

ಒಬ್ಬಿಬ್ಬರು ನಕ್ಕರು. ಒಬ್ಬರು ಗೊಣಗಿದರು. ಅಮ್ಮ ಪದ್ಯ ನಿಲ್ಲಿಸಿ ಮಗಳತ್ತ ತಿರುಗಿದಳು.

"ಮರೆತುಹೋಯ್ತೇನೇ?"

"ಹೂಂ ಅಮ್ಮ. ಒಂದು ಸಾಲು."

ಅಮ್ಮ ತಲೆಯಾಡಿಸಿದಳು. ಲಾಂಚ್ ಆ ಜಾಗವನ್ನು ಬಳಸಿಕೊಂಡು ಮತ್ತೆ ದಡದ ಕಡೆ ನೇರವಾಗುವ ತನಕ ಬಾಯಿ ಮುಚ್ಚಿಕೊಂಡು, ಮಂಡಿಯ ಮೇಲೆ ಮೆಲ್ಲಗೆ ತಾಳ ತಟ್ಟುತ್ತಾ ಕೂತಳು.