ಬೀಗವಿಲ್ಲದ ಬೀಗದ ಕೈ

ಪೊನ್ನುತಾಯಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಸತ್ತ ಅವ್ವನ ಬಲಗೈ ಬೆರಳುಗಳಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದಳು. ಕಿರುಬೆರಳು ಬಿಟ್ಟುಕೊಟ್ಟಿತು, ಉಳಿದವೂ ಒಂದೊಂದಾಗಿ ಬಂದವು. ಹೆಬ್ಬೆರಳು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಅದರಡಿಯಲ್ಲಿ ಕಬ್ಬಿಣದ ಬೀಗದ ಕೈ ಇತ್ತು.

“ಬಾಗ್ಲು ತೆಗಿಯೆ ಪೊನ್ನು, ನೀರು ಆರೋಯ್ತದೆ,” ಹೊರಗಿನಿಂದ ವೀರಮ್ಮಾಳ್ ಕೂಗಿದಳು.

“ಸೀರೆ ಸೆರಿ ಮಾಡ್ತಿವ್ನಿ ಅತ್ತೆ, ಒಂದ್ಗಳಿಗೆ.”

ವೀರಮ್ಮಾಳ್ ಪೊನ್ನುತಾಯಿಯ ಸೋದರಮಾವನ ಹೆಂಡತಿ. ಬರುವ ತೈ ತಿಂಗಳಲ್ಲಿ ಗಂಡನ ತಾಯಿಯೂ ಆಗಬೇಕಾದವಳು. ಅವಳ ಮಗ ಪಿಚ್ಚೈಗೆ ಅತ್ತೆಮಗಳನ್ನು ಮದುವೆಯಾಗುವ ಹಕ್ಕು. ಕಾಮಯಗೌಂಡನ್‌ಪಟ್ಟಿಯ ಅವರ ಕುಲದಲ್ಲಿ ಆ ಹಕ್ಕನ್ನು ಬಡತನ ಮುರಿಯದು, ಜಗಳವೂ ಮುರಿಯದು. ರಕ್ತದಲ್ಲಿ ರೋಗವಿದೆಯೆಂದು ತಿಳಿದರೆ ಮಾತ್ರ ಸಂಬಂಧ ಅಲ್ಲಿಗೇ ಬಿಡುತ್ತಾರೆ. ಫಿಟ್ಸ್ ಬಂದವರ ಮುಷ್ಟಿಗೆ ಬೀಗದ ಕೈ ತುರುಕುತ್ತಾರೆಂಬುದು ಊರಿನ ಮಕ್ಕಳಿಗೂ ಗೊತ್ತು. ವೀರಮ್ಮಾಳ್ ಇದನ್ನು ಕಂಡಳೋ, ಮದುವೆ ಮುಗಿದಂತೆಯೇ. ಪೊನ್ನುತಾಯಿಗೋ ಪಿಚ್ಚೈ ಅಂದರೆ ಪ್ರಾಣ.

ಕಣ್ಣು ಮುಚ್ಚಿ ಎಳೆದಳು. ಹೆಬ್ಬೆರಳು ಲಟಕ್ಕೆಂದಿತು. “ತಪ್ಪಾಯ್ತು ಕಣವ್ವ,” ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ತೆಗೆದಳು.

ನೆರೆಮನೆಯ ಕಾಮಾಕ್ಷಿಯಮ್ಮಾಳ್ ಬಿಸಿನೀರಿನ ಕೊಡ ಹೊತ್ತು ಮೊದಲು ನುಗ್ಗಿದಳು. “ಗೇಣಾಳದ ಕಾಲ್ವೆ ನೀರ್ನಾಗೆ ಮಕ ಇಟ್ಕೊಂಡು ಯಾರಾನಾ ಸಾಯ್ತಾರೇನೆ?”

“ಎದೆನೋವು,” ಅಂದಳು ಪೊನ್ನುತಾಯಿ. “ಅವ್ವ ಬೆಳಗಿಂದ್ಲೇ ಅಂತಿತ್ತು.”

ವೀರಮ್ಮಾಳ್ ಹೆಣದ ಪಕ್ಕ ಕೂತಳು. ಬಿಡಿಸಿದ್ದ ಬಲಗೈಯನ್ನು ಎತ್ತಿ ನೋಡಿದಳು, ಎಣ್ಣೆ ಒರೆಸಿದಳು, ಮೆಲ್ಲಗೆ ಎದೆಯ ಮೇಲಿಟ್ಟಳು.

*

ಅವ್ವ ಓಚ್ಚಮ್ಮಾಳ್ ದ್ರಾಕ್ಷಿ ಚಪ್ಪರದ ಕೂಲಿಯವಳು. ಬಾಯಿ ಜೋರು, ಕೈ ಚುರುಕು. ಗೊಂಚಲು ಕತ್ತರಿಸುತ್ತಿರುವಾಗಲೇ ಒಮ್ಮೊಮ್ಮೆ ಅವಳ ಹೆಬ್ಬೆರಳು ತಾನಾಗಿ ಕುಣಿಯುತ್ತಿತ್ತು. ಆಗ ಏನೋ ನೆಪ ಹೇಳಿ ಬೇಲಿಯಾಚೆ ಹೋಗಿಬಿಡುತ್ತಿದ್ದಳು. ರೇಷನ್ ಅಕ್ಕಿಗೆ ಊರಿಗೆ ಊರೇ ಸಾಲು ನಿಂತ ವರ್ಷ, ಪಳನಿಗೆ ಹರಕೆಯೆಂದು ಸುಳ್ಳು ಹೇಳಿ ತಾಯಿ ಮಗಳು ದಿಂಡಿಗಲ್ಲಿನಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋದರು.

ಅಲ್ಲಿ ಆಸ್ಪತ್ರೆಯಲ್ಲಿ ಅವ್ವನ ತಲೆಯ ತುಂಬ ತಂತಿ ಅಂಟಿಸಿದರು. ಉದ್ದನೆಯ ಕಾಗದದ ಮೇಲೆ ಯಂತ್ರದ ಮುಳ್ಳುಗಳು ತಂತಮ್ಮ ಪಾಡಿಗೆ ಗೀಚತೊಡಗಿದವು. ಡಾಕ್ಟರು ಒಳ್ಳೆಯವರು, ತಮಿಳಿನಲ್ಲಿ ಬಿಡಿಸಿ ಹೇಳಿದರು.

“ಬತ್ತಲಗುಂಡು ಸಂತೆ ನೋಡಿದ್ದೀರಲ್ಲಮ್ಮ? ಒಬ್ಬೊಬ್ಬರು ಒಂದೊಂದು ಕೂಗುತ್ತಾರೆ, ಪಕ್ಕದವರ ಮಾತಿಗೂ ಕಿವಿಗೊಡುತ್ತಾರೆ, ವ್ಯಾಪಾರ ನಡೆಯುತ್ತೆ. ಮಿದುಳಿನ ಕಣಗಳದ್ದೂ ಅಂಥದೇ ನೆರೆಹೊರೆ. ಹಾಗೆ ಹೊಂದಿಕೊಂಡು ಕೂಗಿದರೇನೇ ನಿಮ್ಮ ಕೈ ಹಣ್ಣು ಕೀಳೋದು. ಒಂದು ಮೂಲೆಯವರೆಲ್ಲ ಒಮ್ಮೆಗೇ ಒಂದೇ ಮಾತು ಕೂಗಿದರೋ, ಪಕ್ಕದವನೂ ಸೇರುತ್ತಾನೆ, ಅವನ ಪಕ್ಕದವನೂ ಸೇರುತ್ತಾನೆ. ನಿಮಗೆ ಹೆಬ್ಬೆರಳಿನ ಮೂಲೆಯಿಂದ ಶುರು. ಆಮೇಲೆ ಮಣಿಕಟ್ಟು, ತೋಳು, ಬಾಯಿ. ಸಂತೆಗೆ ಸಂತೆಯೇ ಒಂದೇ ದನಿಯಾದಾಗ ನೀವು ಬೀಳುತ್ತೀರಿ.”

ಅವರು ಹೇಳುತ್ತಿದ್ದಂತೆಯೇ ಮುಳ್ಳುಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಪೊನ್ನುತಾಯಿ ಅವ್ವನ ಕೈ ಹಿಡಿದುಕೊಂಡಳು.

“ಮೊದ್ಲು ಕೂಗೋನ ಬಾಯಿ ಮುಚ್ಚುದ್ರೆ ಸೆರೋಯ್ತು,” ಅಂದಳು ಅವ್ವ. ಬರುವಾಗ ದಿಂಡಿಗಲ್ ಸ್ಟೇಷನ್ನಿನ ಹೊರಗೆ ಬೀಗವೊಂದನ್ನು ಕೊಂಡಳು. ಬೀಗವನ್ನು ಬಸ್ಸಿನ ಕಿಟಕಿಯಿಂದಾಚೆ ಎಸೆದು, ಹೆಬ್ಬೆರಳು ಕುಣಿದಾಗ ಬಿಗಿಹಿಡಿಯಲು ಬೀಗದ ಕೈ ಇಟ್ಟುಕೊಂಡಳು. ಮದ್ರಾಸಿನ ಮಾತ್ರೆ ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ಕಂಬಂ ಔಷಧಿ ಅಂಗಡಿಯವನು ನೆಂಟ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

“ನಿನ್ ಮದ್ವೆ ಆಗೋಗ್ಲಿ, ಆಮೇಲೆ ಬೇಕಾದಷ್ಟು ನುಂಗ್ತೀನಿ,” ಅನ್ನುತ್ತಿದ್ದಳು.

*

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಪಿಚ್ಚೈ ಕಂಬಕ್ಕೊರಗಿ, ಬಲಗೈ ಮುಷ್ಟಿ ಬಿಗಿದು ನಿಂತಿದ್ದ. ಅತ್ತೆ ಸತ್ತ ದುಃಖ ಅವನನ್ನೂ ಹಿಂಡುತ್ತಿದೆಯೆಂದು ಪೊನ್ನುತಾಯಿ ಅಂದುಕೊಂಡಳು.

“ನೋಡೆ, ಇವತ್ತೂ ಮಗನ್ ಮೇಲೇ ಕಣ್ಣು ವೀರಮ್ಮನ್ಗೆ,” ಕಾಮಾಕ್ಷಿಯಮ್ಮಾಳ್ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. “ಬಾವಿ ತಾವ ಬಿಡಾಕಿಲ್ಲ, ಗಾಡಿ ಹೊಡ್ಯಾಕೆ ಬಿಡಾಕಿಲ್ಲ. ನಿನ್ತಾವಾನಾ ಬಿಡ್ತಾಳೋ ಇಲ್ವೋ!”

ಅವ್ವನನ್ನು ಹೊರಗೆ ತಂದು ಮಲಗಿಸಿದರು. ಹೆಂಗಸರು ಹೆಗಲಿಗೆ ಹೆಗಲು ಹಚ್ಚಿ ಸುತ್ತ ಕೂತರು. ಮೊದಮೊದಲು ಒಬ್ಬೊಬ್ಬಳದು ಒಂದೊಂದು ಅಳು. ಒಬ್ಬಳು ಚಪ್ಪರದಡಿಯ ನಗು ನೆನೆದಳು, ಇನ್ನೊಬ್ಬಳು ಹಂಚಿಕೊಂಡ ಬುತ್ತಿ ನೆನೆದಳು. ಬರಬರುತ್ತ ಪಕ್ಕದವಳು ಪಕ್ಕದವಳ ದನಿಗೆ ದನಿ ಸೇರಿಸಿದಳು. ಎದೆ ಬಡಿಯುವ ಕೈಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಪೊನ್ನುತಾಯಿಗೆ ಮದ್ರಾಸಿನ ಮುಳ್ಳುಗಳು ನೆನಪಾದವು. ಎದ್ದು ಓಡಿಹೋಗಬೇಕು ಅನ್ನಿಸಿತು.

ಆಗ ಅವಳ ಬಲಗೈ ಹೆಬ್ಬೆರಳು ಕುಣಿಯಿತು.

ಮಡಿಲಲ್ಲಿ ಬಚ್ಚಿಟ್ಟಳು. ಅದು ನಿಲ್ಲಲಿಲ್ಲ, ಪಕ್ಕದ ಬೆರಳೂ ಶುರುಮಾಡಿತು. ಸೊಂಟದಲ್ಲಿದ್ದ ಅವ್ವನ ಬೀಗದ ಕೈ ತೆಗೆಯೋಣವೆಂದರೆ ಸುತ್ತ ಕಣ್ಣುಗಳು, ಪಕ್ಕದಲ್ಲೇ ವೀರಮ್ಮಾಳ್.

ವೀರಮ್ಮಾಳ್ ಎದೆ ಬಡಿಯುವುದನ್ನು ನಿಲ್ಲಿಸಿದಳು. ಅಳುತ್ತಲೇ ಸೊಸೆಯಾಗುವವಳನ್ನು ತಬ್ಬಿಕೊಂಡಳು, ಸೆರಗಿನ ಮರೆಯಲ್ಲಿ ಅವಳ ಕೈಗೆ ಏನೋ ತುರುಕಿ ಬೆರಳುಗಳನ್ನು ಗಟ್ಟಿಯಾಗಿ ಮಡಚಿದಳು. ಕಬ್ಬಿಣ. ಅಂಗೈಯ ಸವೆತಕ್ಕೆ ಹಲ್ಲುಗಳೆಲ್ಲ ನುಣುಪಾದ ಬೀಗದ ಕೈ.

“ಬಿಗಿಯಾಗಿ ಹಿಡ್ಕೊ ನನ್ ಕಂದ,” ಕಿವಿಯಲ್ಲಿ ಅಂದಳು. “ತೈ ತಿಂಗ್ಳು ತಂಕ ಯಾರ್ಗೂ ಕಾಣ್ಬಾರ್ದು.”

“ನಿನ್ತಾವ ಎಂಗೆ...”

“ನನ್ ಮಗುಂದು. ಅವುನ್ಗೆ ಇನ್ನೊಂದೈತೆ.”

ಅಂಗಳದಲ್ಲಿ ಯಾರೋ “ಎತ್ರಪ್ಪಾ” ಎಂದರು. ನಾಲ್ವರು ಬಗ್ಗಿದರು. ಮೂವರು ಎರಡೂ ಕೈ ಹಾಕಿದರು. ಪಿಚ್ಚೈ ಎಡಗೈಯೊಂದರಿಂದಲೇ ಚಟ್ಟವನ್ನು ಹೆಗಲಿಗೇರಿಸಿಕೊಂಡ. ಅವನ ಬಲಗೈ ಮುಷ್ಟಿ ಬಿಚ್ಚಲಿಲ್ಲ.